ಮೇಲ್ಮಿತಿಗೆ ತಾಗಿದವಳು

ಮೇಲ್ ಬಂದ್ ಮಾಡಿದ್ದೆನೋ, ಇಲ್ಲವೋ?

ಮಾಡಿರಬೇಕು. ಯಾವಾಗಲೂ ಮಾಡುತ್ತೇನೆ. ಟೆಸ್ಟ್ ಸಿಸ್ಟಮ್ಮಿಗೆ ನೌಕರರ ದಾಖಲೆ ಇಳಿಸಿದ ಕೂಡಲೇ ಮಾಡುವ ಮೊದಲ ಕೆಲಸವೇ ಅದು. ಪತ್ರಗಳು ಹೊರಗೆ ಹೋಗದಂತೆ ಒಂದು ಟಿಕ್ ತೆಗೆಯುವುದು, ಅಷ್ಟೇ. ಆದರೆ ನಿನ್ನೆ ಇಳಿಸುತ್ತಿರುವಾಗಲೇ ಎಚ್.ಆರ್. ಮ್ಯಾನೇಜರ್ ಫೋನ್ ಬಂದಿತ್ತು. ಫೋನ್ ಬರುವ ಮೊದಲೇ ತೆಗೆದೆನೋ, ಇಟ್ಟ ಮೇಲೆ ತೆಗೆಯೋಣ ಅಂದುಕೊಂಡೆನೋ?

ಅವನು ಮೌಸಿನ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತಿದ್ದ. ಒಂದು ಸಲ ನೋಡಿದರೆ ಗೊತ್ತಾಗಿಬಿಡುತ್ತದೆ. ಗೊತ್ತಾಗಿಬಿಡುತ್ತದೆ ಎಂಬ ಕಾರಣಕ್ಕೇ ನೋಡಲು ಧೈರ್ಯ ಬರುತ್ತಿರಲಿಲ್ಲ.

ಆಸ್ಪತ್ರೆಯವರು ಅವನಿಗೆ ಕೊಟ್ಟಿದ್ದು ನೆಲಮಾಳಿಗೆಯ ಒಂದು ಕೋಣೆ. ಹಿಂದೆ ಅಲ್ಲಿ ಎಕ್ಸ್‌ರೇ ಫಿಲ್ಮ್ ಇಡುತ್ತಿದ್ದರಂತೆ. ಕಬ್ಬಿಣದ ಕಪಾಟುಗಳು ಖಾಲಿಯಾಗಿದ್ದರೂ ಹುಳಿ ವಾಸನೆ ಹೋಗಿರಲಿಲ್ಲ. ಆಸ್ಪತ್ರೆಯ ಸಂಬಳವನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಹತ್ತಿಸಲು ಅವನ ಕಂಪನಿ ಅವನನ್ನು ಇಲ್ಲಿಗೆ ಕಳಿಸಿತ್ತು. ಯಾವ ಹುದ್ದೆಗೆ ಯಾವ ಗ್ರೇಡ್, ಆ ಗ್ರೇಡಿನಲ್ಲಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಬಡ್ತಿಯಾದರೆ ಏನು, ಕೆಲಸ ಹೋದರೆ ಏನು, ಎಲ್ಲವನ್ನೂ ಅದಕ್ಕೆ ಹೇಳಿಕೊಡಬೇಕು. ಹೇಳಿಕೊಟ್ಟದ್ದು ತಲೆಗೆ ಹತ್ತಿತೋ ಇಲ್ಲವೋ ಎಂದು ನೋಡಲು ಯಾರಾದರೊಬ್ಬರ ದಾಖಲೆ ಹಿಡಿದು ಓಡಿಸಬೇಕು. ಬೆಳಗ್ಗೆಯಿಂದ ಅವನು ಡಯಾಲಿಸಿಸ್ ವಿಭಾಗದ ಒಬ್ಬ ಟೆಕ್ನಿಷಿಯನ್ ದಾಖಲೆಯನ್ನು ಓಡಿಸುತ್ತಿದ್ದ.

ಬಾಗಿಲು ಗೋಡೆಗೆ ಬಡಿಯಿತು.

"ಸಂಬಳದ ಸಾಫ್ಟ್‌ವೇರ್‌ನೋರು ಯಾರ್ರೀ ಇಲ್ಲಿ?"

ಕೋಣೆಯಲ್ಲಿ ಇದ್ದವನು ಅವನೊಬ್ಬನೇ. ಆದರೂ ಹಿಂದೆ ಒಮ್ಮೆ ತಿರುಗಿ ನೋಡಿದ.

ನೀಲಿ ಯೂನಿಫಾರ್ಮ್. ಮೇಲೆ ಪ್ಲಾಸ್ಟಿಕ್ ಏಪ್ರನ್, ಅದನ್ನು ಬಿಚ್ಚುವಷ್ಟೂ ತಾಳ್ಮೆ ಇಲ್ಲದೆ ಓಡಿಬಂದಿದ್ದಾಳೆ. ಮಾಸ್ಕ್ ಗಲ್ಲದ ಕೆಳಗೆ ಇಳಿದಿದೆ. ಆ ಮುಖ ಅವನಿಗೆ ಗೊತ್ತಿತ್ತು. ಬೆಳಗ್ಗೆಯಿಂದ ಅವನ ಪರದೆಯ ಮೂಲೆಯಲ್ಲಿದ್ದ ಚಿಕ್ಕ ಫೋಟೋ ಈಗ ಆಳೆತ್ತರಕ್ಕೆ ಬೆಳೆದು ಎದುರು ನಿಂತಿತ್ತು.

"ತಿಂಡಿ ತಿನ್ನೋ ಹೊತ್ತಿಗೆ ನನಗೆ ಬಡ್ತಿ." ಅವಳು ಫೋನ್ ಅವನ ಮೂಗಿಗೆ ಹಿಡಿದಳು. "ಅಭಿನಂದನೆಗಳು ಅಂತೆ! ಪೇಷಂಟ್‌ಗೆ ಸೂಜಿ ಹಾಕಿ, ಕೈ ತೊಳ್ಕೊಂಡು ಬರೋಷ್ಟರಲ್ಲಿ ಹಿಂಬಡ್ತಿ. ಈಗ ನೋಡಿದ್ರೆ ಕೆಲಸದಿಂದಾನೇ ತೆಗೆದಿದ್ದೀರಿ. ಸಂಜೆಯೊಳಗೆ ಇನ್ನೇನು ಮಾಡ್ಬೇಕು ಅಂತಿದ್ರಿ? ಸಾಯಿಸೋದೊಂದು ಬಾಕಿ ಇತ್ತಾ?"

ಬಾಕಿ ಇತ್ತು. ಸೇವೆಯಲ್ಲಿರುವಾಗ ಮರಣ, ಅದೇ ಮುಂದಿನ ಪರೀಕ್ಷೆ. ಅವನು ಪರದೆಯನ್ನು ಮೆಲ್ಲಗೆ ಆ ಕಡೆಗೆ ತಿರುಗಿಸಿದ.

"ಅದು ಟೆಸ್ಟು," ಅಂದ.

"ಏನು?"

"ನಿಜ ಅಲ್ಲ. ಮೇಲ್ ಬಂದ್ ಮಾಡೋದು ಮರೆತಿದ್ದೆ."

"ಮರೆತಿದ್ರಿ." ಅವಳು ಆ ಮಾತನ್ನು ಕಹಿ ಮಾತ್ರೆಯ ಹಾಗೆ ಬಾಯಲ್ಲಿ ಹೊರಳಿಸಿದಳು. "ರೀ, ಬಡ್ತಿ ಅಂತ ನಮ್ಮಮ್ಮನಿಗೆ ಹೇಳ್ಬಿಟ್ಟಿದ್ದೀನಿ. ನಮ್ಮಮ್ಮನಿಗೆ ಹೇಳಿದ್ರೆ ಮುಗೀತು. ಇಷ್ಟೊತ್ತಿಗೆ ನಮ್ಮ ಬಿಲ್ಡಿಂಗಿನ ನೀರಿನ ಟ್ಯಾಂಕಿಗೂ ಗೊತ್ತಾಗಿರುತ್ತೆ. ತಗೊಳ್ಳಿ, ನೀವೇ ಹೇಳಿ."

ನಂಬರ್ ಒತ್ತಿ ಫೋನನ್ನು ಅವನ ಕೈಗೆ ತುರುಕಿದಳು. ಬಡ್ತಿ ನಿಜವಲ್ಲ, ತಪ್ಪಿ ಹೋದ ಪತ್ರ ಎಂದು ಅವನು ಹೇಗೋ ಹೇಳಿ ಮುಗಿಸಿದ. ಆ ಕಡೆಯಿಂದ ಬಂದ ದನಿ ಕೇಳಿದಾಗ ಈ ಕೋಪ ಎಲ್ಲಿಂದ ಬಂದದ್ದೆಂದು ಅವನಿಗೆ ಅರ್ಥವಾಯಿತು.

"ಯಾರಪ್ಪಾ ನೀನು? ನನ್ನ ಮಗಳೇನು ನಿನಗೆ ಆಟದ ಸಾಮಾನಾ? ಮೇಲಿನ ಮನೆಯೋಳು ಈಗಷ್ಟೇ ಹೊಟ್ಟೆ ಉರ್ಕೊಂಡು ಎದ್ದು ಹೋದ್ಲು. ಈಗ ಅವಳ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ ನಾನು?"

"ತಪ್ಪಾಯ್ತಮ್ಮ."

"ತಪ್ಪಾಯ್ತಂತೆ! ಮದುವೆ ಆಗಿದೆಯಾ ನಿನಗೆ?"

"ಇಲ್ಲ."

"ಗೊತ್ತಾಗುತ್ತೆ."

ಅವಳು ಫೋನ್ ಕಿತ್ತುಕೊಂಡಳು. ತುಟಿಯ ಮೂಲೆ ಒಂದಿಷ್ಟು ಅಲುಗಿತು. ನಗು ಬರುತ್ತಿದೆಯೆಂದು ತಿಳಿದು ಅವಳು ಹುಬ್ಬನ್ನು ಇನ್ನಷ್ಟು ಗಂಟು ಹಾಕಿದಳು.

"ಆಸ್ಪತ್ರೆ ತುಂಬ ಜನ ಇದ್ದಾರೆ. ನಾನೇ ಯಾಕೆ ಸಿಕ್ಕಿದ್ದು?"

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸಾಮಾನ್ಯವಾಗಿ ನಿಜವನ್ನೂ ಹೇಳುತ್ತಿರಲಿಲ್ಲ. "ಫೋಟೋ," ಅಂದ. "ಎಲ್ಲರೂ ನಗ್ತಾ ಇದ್ರು. ನೀವೊಬ್ರು ಕೋಪದಲ್ಲಿದ್ರಿ."

"ನಾನು ಕೋಪದಲ್ಲಿರಲಿಲ್ಲ. ನನ್ನ ಮುಖಾನೇ ಹಂಗೆ." ಬಾಗಿಲವರೆಗೆ ಹೋದವಳು ತಿರುಗಿದಳು. "ಈಗ ಬಂದಿದೆ ನೋಡಿ, ಇದು ಕೋಪ. ಬೇಕಾದ್ರೆ ಇದರ ಫೋಟೋ ಹಾಕ್ಕೊಳ್ಳಿ."

*

ವಾರ್ಡಿಗೇ ಹೋಗಿ ಕ್ಷಮೆ ಕೇಳಿ ಬರಬೇಕೆಂದು ಎಚ್.ಆರ್. ಮ್ಯಾನೇಜರ್ ಆಜ್ಞೆಯಾಯಿತು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಊರೆಲ್ಲ ಹುಡುಕುವ ಹೆಂಗಸು ಅವರು. ಎಂದೂ ಕೂಗಾಡುತ್ತಿರಲಿಲ್ಲ, ಮೆಲ್ಲಗೆ ಮಾತಾಡಿಯೇ ಚರ್ಮ ಸುಲಿಯುತ್ತಿದ್ದರು. "ಹಂಗೇ ಟೆಕ್ನಿಷಿಯನ್‌ಗಳು ಏನೇನು ಮಾಡ್ತಾರೆ ಅಂತ ಬರ್ಕೊಂಡು ಬನ್ನಿ. ಹೆಂಗೂ ಹೋಗ್ತಿದ್ದೀರಲ್ಲ."

ಡಯಾಲಿಸಿಸ್ ಕೋಣೆಯಲ್ಲಿ ಸಾಲು ಹಾಸಿಗೆಗಳು. ಪ್ರತಿ ಹಾಸಿಗೆಯ ಪಕ್ಕ ಒಂದು ಯಂತ್ರ, ಯಂತ್ರದ ಎದೆಯಲ್ಲಿ ನಿಧಾನವಾಗಿ ತಿರುಗುವ ಚಕ್ರ, ಸಣ್ಣ ಕೊಳವೆಯಲ್ಲಿ ಹೋಗಿ ಬರುವ ರಕ್ತ. ಅವನಿಗೆ ಕಣ್ಣು ಕತ್ತಲಿಟ್ಟ ಹಾಗಾಯಿತು.

"ಬೀಳೋದಾದ್ರೆ ಆಚೆ ಹೋಗಿ ಬೀಳಿ," ಅಂದಳು ಅವಳು, ತಿರುಗಿಯೂ ನೋಡದೆ. "ಇಲ್ಲಿ ಹಾಸಿಗೆ ಖಾಲಿ ಇಲ್ಲ."

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಮಲಗಿದ್ದರು. ಒಂದು ಕೈ ಯಂತ್ರಕ್ಕೆ ಒಪ್ಪಿಸಿ, ಇನ್ನೊಂದು ಕೈಯಲ್ಲಿ ಪೇಪರ್ ಹಿಡಿದುಕೊಂಡಿದ್ದರು.

"ಯಾರಮ್ಮಾ ಇವರು? ಬಡ್ತಿ ಕೊಟ್ಟೋರಾ, ಕೆಲಸದಿಂದ ತೆಗೆದೋರಾ?"

"ಎರಡೂ ಇವರೇ ಮೇಷ್ಟ್ರೇ."

"ಒಂದೇ ದಿನ ಎರಡೂ ಮಾಡಿದ್ರಾ? ಹಂಗಾದ್ರೆ ಗಂಡನಾಗೋಕೆ ಲಾಯಕ್ಕು."

ಮಾಸ್ಕಿನ ಮೇಲೆ ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು. ಆ ಕಣ್ಣುಗಳು ಮೇಷ್ಟ್ರನ್ನು ಸುಟ್ಟು, ಅಲ್ಲಿಂದ ಅವನ ಕಡೆ ತಿರುಗಿ, ಯಾಕೋ ಸುಡಲು ಮರೆತು ಕೆಳಗಿಳಿದವು. ಅಷ್ಟರಲ್ಲಿ ದೂರದ ಯಾವುದೋ ಯಂತ್ರ ಕೂಗಿಕೊಂಡಿತು. ಅವಳು ಓಡಿದಳು.

"ನಾವೆಲ್ಲ ಇವಳನ್ನ ಅಲಾರಂ ಅಂತೀವಿ," ಮೇಷ್ಟ್ರು ದನಿ ತಗ್ಗಿಸಿದರು. "ಯಂತ್ರ ಕೂಗೋ ಮೊದಲೇ ಇವಳು ಕೂಗಿರ್ತಾಳೆ. ನೀವು ಕ್ಷಮೆ ಕೇಳೋಕೆ ಬಂದಿದ್ದು ತಾನೇ? ಕೇಳ್ಬೇಡಿ. ಕೇಳಿದ್ರೆ ಜಗಳ ಮುಗಿದು ಹೋಗುತ್ತೆ."

ಅವನು ಕೇಳಲಿಲ್ಲ. ಮೇಷ್ಟ್ರ ಮಾತಿಗಾಗಿ ಅಲ್ಲ. ಬಾಯಿಗೆ ಬರಲೇ ಇಲ್ಲ. ಮೂಲೆಯ ಸ್ಟೂಲಿನಲ್ಲಿ ಕೂತು ಅವಳು ಮಾಡುವುದನ್ನೆಲ್ಲ ಬರೆದುಕೊಂಡ. ಸಾಫ್ಟ್‌ವೇರಿನಲ್ಲಿ ಅವಳ ಕೆಲಸದ ವಿವರ "ಯಂತ್ರ ನಡೆಸುವುದು" ಎಂದಷ್ಟೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಹಾಳೆ ತುಂಬಿತು. ಹಿಂದಿನಿಂದ ಸ್ಯಾನಿಟೈಸರ್ ವಾಸನೆ ಬಂತು. ಅವಳು ಅವನ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದಳು.

"'ವೈದ್ಯರಿಗೆ ಸಹಾಯ ಮಾಡುವುದು' ಅಂತ ಯಾಕ್ರೀ ಬರೆದ್ರಿ? ಇಷ್ಟು ಹೊತ್ತಲ್ಲಿ ಇಲ್ಲಿ ಯಾವ ವೈದ್ಯರನ್ನ ನೋಡಿದ್ರಿ?"

ಅವನು ಆ ಸಾಲು ಹೊಡೆದು ಹಾಕಿದ.

"ಹೊಡೆದು ಹಾಕಿದ್ರಾ?" ಅವಳಿಗೆ ನಿರಾಸೆಯಾದಂತಿತ್ತು. "ವಾದ ಮಾಡ್ತೀರಿ ಅಂದ್ಕೊಂಡಿದ್ದೆ."

*

ಆಮೇಲೆ ಅವರು ದಿನವೂ ಜಗಳಕ್ಕೆ ಸಿಕ್ಕರು.

ಕ್ಯಾಂಟೀನಿನಲ್ಲಿ ಅವಳು ತಟ್ಟೆ ಹಿಡಿದು ಬಂದು ಅವನ ಎದುರಿನ ಕುರ್ಚಿಯನ್ನು ಸದ್ದಾಗುವಂತೆ ಎಳೆದು ಕೂರುತ್ತಿದ್ದಳು. ಕೆಟ್ಟುನಿಂತ ಲಿಫ್ಟಿನ ಮೇಲೆ ಕೋಪ, ಡ್ಯೂಟಿ ಹಂಚುವ ಇನ್‌ಚಾರ್ಜ್ ಮೇಲೆ ಕೋಪ, ಬರದ ಬಸ್ಸಿನ ಮೇಲೆ, ಬಂದರೂ ನಿಲ್ಲದ ಬಸ್ಸಿನ ಮೇಲೆ. ಅವನು ಕೇಳುತ್ತಿದ್ದ. ಕೇಳುವಾಗ ಅವಳ ಕೈ ನೋಡುತ್ತಿದ್ದ. ಸಾವಿರ ಸಲ ಸೋಪಿನಲ್ಲಿ ತೊಳೆದು ಬಿರುಕು ಬಿಟ್ಟ ಬೆರಳುಗಳು, ಮಾತಿಗೊಮ್ಮೆ ಗಾಳಿಯಲ್ಲಿ ಯಾರದೋ ಕಿವಿ ಹಿಂಡುತ್ತಿದ್ದವು.

"ನೀವೊಂದು ಗುಮ್ಮನಗುಸಕ," ಅಂದಳು ಒಂದು ದಿನ. "ಹೊರಗೆ ಏನೂ ಇಲ್ಲ, ಒಳಗೆ ಏನೋ ಬೇಯ್ತಾ ಇರುತ್ತೆ. ಏನು ಬೇಯ್ತಿದೆ ಹೇಳಿ ನೋಡೋಣ?"

ಅವನು ಲೋಟ ತಿರುಗಿಸಿದ.

"ಅಯ್ಯೋ, ಮುತ್ತು ಉದುರಿಬಿಟ್ಟೀತು, ಹುಷಾರು!"

ಅವನು ನಕ್ಕ. ಅವಳು ನಗಲಿಲ್ಲ, ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಪಕ್ಕದ ಮೇಜಿನವರು ಮಾತು ನಿಲ್ಲಿಸಿದರು. "ನಿಮಗೆ ಹಲ್ಲಿದೆ," ಅಂದು ತಟ್ಟೆ ಎತ್ತಿಕೊಂಡು ಹೊರಟುಹೋದಳು.

ಅವನು ಆ ಊರಿನಲ್ಲಿ ಉಳಿದುಕೊಂಡಿದ್ದದ್ದು ಅಕ್ಕನ ಮನೆಯಲ್ಲಿ. "ಯಾರೋ ಅವಳು?" ಅಂದಳು ಅಕ್ಕ, ಬಡಿಸುತ್ತಾ.

"ಯಾರು?"

"ಜಗಳ ಆಡೋಳು. ಜಗಳ ಆದ ದಿನ ನೀನು ಎರಡು ಸಲ ಹಾಕಿಸ್ಕೊಂಡು ತಿಂತೀಯ. ಅವಳಿಗೆ ರಜ ಇದ್ದ ದಿನ ತಟ್ಟೆ ನೋಡ್ತಾ ಕೂರ್ತೀಯ."

ಭಾವ ಪೇಪರಿನ ಹಿಂದಿನಿಂದಲೇ ಕೆಮ್ಮಿದರು. ಅವನು ಇನ್ನೊಂದು ಸಲ ಹಾಕಿಸಿಕೊಂಡ.

*

ಗ್ರೇಡುಗಳ ಮಿತಿಗಳು ಕೈಗೆ ಬಂದ ದಿನ ಅವನಿಗೆ ಊಟ ಸೇರಲಿಲ್ಲ.

ನರ್ಸುಗಳು, ಆಫೀಸಿನವರು, ವೈದ್ಯರು, ಎಲ್ಲರಿಗೂ ಬೇರೆ ಆಸ್ಪತ್ರೆಗಳು ಏನು ಕೊಡುತ್ತವೆಂದು ವಿಚಾರಿಸಿ ಕನಿಷ್ಠ, ಗರಿಷ್ಠ ಗೊತ್ತುಮಾಡಿದ್ದರು. ಟೆಕ್ನಿಷಿಯನ್ ಗ್ರೇಡಿಗೆ ಮಾತ್ರ ಹಾಗೆ ಮಾಡಿರಲಿಲ್ಲ. ಇಲ್ಲಿ ಈಗ ಏನು ಕೊಡುತ್ತಿದ್ದಾರೋ ಅದರ ಸುತ್ತಲೇ ಗೆರೆ ಎಳೆದಿದ್ದರು. ಈಗಿನ ಅತಿ ಕಡಿಮೆ ಸಂಬಳ ಕೆಳಮಿತಿ. ಈಗಿನ ಅತಿ ಹೆಚ್ಚು ಸಂಬಳ ಮೇಲ್ಮಿತಿ. ಆ ಅತಿ ಹೆಚ್ಚು ಸಂಬಳ ಅವಳದು. ಅವಳ ತಲೆ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೇ ಸೂರು ಹಾಕಿದ್ದರು.

ಮೇಲ್ಮಿತಿ ತಲುಪಿದವರ ಇನ್‌ಕ್ರಿಮೆಂಟ್ ಏನು ಮಾಡಲಿ ಎಂದು ಸಾಫ್ಟ್‌ವೇರ್ ಕೇಳುತ್ತದೆ. ನಿಲ್ಲಿಸು, ಎಚ್ಚರಿಸು, ಬಿಡು. ಮೂರರಲ್ಲಿ ಒಂದನ್ನು ಒತ್ತಬೇಕು.

"ನಿಲ್ಲಿಸಿ," ಅಂದರು ಮ್ಯಾನೇಜರ್.

"ಆದರೆ ಈ ಗ್ರೇಡಿನ ಮಿತಿ..."

"ನೋಡಿ." ಅವರು ಕನ್ನಡಕಕ್ಕಾಗಿ ಮೇಜು ತಡವಿದರು. "ನೀವು ಬಣ್ಣ ಹೊಡೆಯೋಕೆ ಬಂದೋರು. ಗೋಡೆ ಇಲ್ಲಿ ಯಾಕಿದೆ ಅಂತ ಕೇಳೋಕೆ ಬಂದೋರಲ್ಲ."

"ಕನ್ನಡಕ ತಲೆ ಮೇಲಿದೆ," ಅಂದ ಅವನು. ಅದೊಂದೇ ಅವನಿಗೆ ಹೇಳಲು ಆದದ್ದು.

ಕೆಳಗೆ ಬಂದು 'ನಿಲ್ಲಿಸು' ಒತ್ತಿದ. ಒತ್ತಿದ ಬೆರಳಿನ ಮೇಲೆ ಕೋಪ ಬಂತು. ಮ್ಯಾನೇಜರ್ ಮೇಲೆ ಬಂತು. ಕೊನೆಗೆ ತನ್ನ ನಾಲಗೆಯ ಮೇಲೆ ಬಂತು. ಹುಟ್ಟಿದಾಗಿನಿಂದ ಬಾಯಲ್ಲಿ ಬಾಡಿಗೆಗೆ ಇರುವಂತೆ ಸದ್ದಿಲ್ಲದೆ ಬಿದ್ದುಕೊಂಡಿದೆ.

ಮಧ್ಯಾಹ್ನ ಅವಳು ಕುರ್ಚಿ ಎಳೆದು ಕೂತಳು. ಆವತ್ತು ಅವಳಿಗೆ ಯಾರ ಮೇಲೂ ಕೋಪವಿರಲಿಲ್ಲ. "ಗ್ರೇಡುಗಳು ಬಂದವಂತೆ? ನಮ್ಮದು ಹೆಂಗಿದೆ?"

ಅವನು ಕಾಫಿಯ ಲೋಟ ನೋಡಿದ. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು.

"ಹೇಳಬಾರದಾ? ರೂಲ್ಸಾ?" ಅವಳು ತಾನೇ ತಲೆಯಾಡಿಸಿದಳು. "ಸರಿ ಬಿಡಿ. ನೀವು ನೋಡ್ಕೊಂಡಿರ್ತೀರಲ್ಲ." ಹೇಳಿ, ತನ್ನ ತಟ್ಟೆಯಿಂದ ಏನನ್ನೋ ಎತ್ತಿ ಅವನ ತಟ್ಟೆಗೆ ಹಾಕಿದಳು. ಬೈಗುಳ ಇಲ್ಲದೆ ಅವಳು ಅವನಿಗೆ ಏನನ್ನಾದರೂ ಕೊಟ್ಟದ್ದು ಅದೇ ಮೊದಲು. ಅದನ್ನು ನುಂಗಲು ಅವನಿಂದ ಆಗಲಿಲ್ಲ.

*

ವಿಷಯ ಅವಳಿಗೆ ಇನ್‌ಚಾರ್ಜ್ ಬಾಯಿಂದ ತಿಳಿಯಿತು. ಈ ಸಲ ಬಾಗಿಲು ಬಡಿಯಲಿಲ್ಲ. ಮೆಲ್ಲಗೆ ತೆರೆದು, ಒಳಗೆ ಬಂದು, ಹಿಂದೆ ಮುಚ್ಚಿಕೊಂಡಳು. ಅವನಿಗೆ ಹೆದರಿಕೆಯಾಯಿತು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕ್ಯಾಂಟೀನಲ್ಲಿ ಕೇಳಿದಾಗಲೂ?"

"ಆಗಲೂ."

"ಇನ್ಮೇಲೆ ನನಗೆ ಇನ್‌ಕ್ರಿಮೆಂಟೇ ಇಲ್ಲ. ರಿಟೈರ್ ಆಗೋವರೆಗೂ ಇಲ್ಲ. ನಿನ್ನೆ ಮೊನ್ನೆ ಬಂದೋರೆಲ್ಲ ನಿಧಾನಕ್ಕೆ ಬಂದು ನನ್ನ ಪಕ್ಕ ನಿಲ್ತಾರೆ, ಆಮೇಲೆ ಎಲ್ಲರೂ ಸೇರಿ ಅಲ್ಲೇ ಕೊಳೀತೀವಿ. ಅದನ್ನ ಒತ್ತಿದ ಕೈ ಯಾವುದು? ಇದಾ, ಅದಾ?"

ಅವನು ಬಲಗೈ ನೋಡಿಕೊಂಡ.

"ಏನಾದ್ರೂ ಅನ್ನಿ ರೀ!" ಈಗ ಅವಳ ದನಿ ಒಡೆಯಿತು. "ಅದು ನನ್ನ ಕೆಲಸ ಅಲ್ಲ ಅನ್ನಿ. ಬಾಯ್ಮುಚ್ಕೊಂಡು ಹೋಗು ಅನ್ನಿ. ನಾನೊಬ್ಳೇ ಎಷ್ಟು ಅಂತ ಜಗಳ ಆಡ್ಲಿ? ಒಂದು ಕೈಯಲ್ಲಿ ಬಟ್ಟೆ ಹಿಂಡಿದ ಹಂಗಾಗುತ್ತೆ ನಿಮ್ಮ ಜೊತೆ."

ಅವಳು ಕಣ್ಣು ಒರೆಸಿಕೊಂಡಳು, ಒರೆಸಿಕೊಳ್ಳಬೇಕಾಗಿ ಬಂದದ್ದಕ್ಕೂ ಅವನನ್ನೇ ದುರುಗುಟ್ಟಿ ನೋಡಿದಳು.

"ಡೈರೆಕ್ಟರ್ ಮುಂದೆ ಮೀಟಿಂಗ್ ಇದೆಯಂತೆ. ಅಲ್ಲಿ ಒಪ್ಪಿದ್ರೆ ಮುಗೀತಂತೆ. ಡಯಾಲಿಸಿಸ್, ಲ್ಯಾಬು, ಎಕ್ಸ್‌ರೇ, ಒಬ್ಬ ಟೆಕ್ನಿಷಿಯನ್‌ನೂ ಅಲ್ಲಿ ಕೂರ್ಸಲ್ಲ. ನೀವಿರ್ತೀರಿ. ಈ ಮಿತಿ ಹೆಂಗೆ ಹಾಕಿದ್ದಾರೆ ಅಂತ ನಿಮಗೊಬ್ಬರಿಗೇ ಗೊತ್ತು. ಹೇಳಿ. ಅಷ್ಟೇ ನಾನು ಕೇಳೋದು."

"ಹೇಳಿದ್ರೆ ನನ್ನ ಕಂಪನಿಯವರು..."

"ಹೇಳದೇ ಇದ್ರೆ ನಾನು ಈ ಕೋಣೆಗೆ ಮತ್ತೆ ಬರಲ್ಲ. ಕ್ಯಾಂಟೀನಲ್ಲಿ ಕೂರಲ್ಲ. ಬೈಯೋಕೂ ಬರಲ್ಲ ನಿಮ್ಮ ಹತ್ರ."

ಹೋದಳು. ಬಾಗಿಲು ಹಾಕಿಕೊಂಡ ಸದ್ದೂ ಕೇಳಿಸಲಿಲ್ಲ.

ಮನೆಗೆ ಹೋಗಿ ಅವನು ಅಕ್ಕನನ್ನು ಕೇಳಿದ. "ನೀನು ಭಾವನ ಜೊತೆ ಮಾತು ಬಿಟ್ರೆ ಅವರು ಏನು ಮಾಡ್ತಾರೆ?"

"ಮಾತು ಬಿಟ್ರೆ ಆರಾಮಾಗಿ ನಿದ್ದೆ ಮಾಡ್ತಾರೆ ಕಣೋ," ಅಂದಳು ಅಕ್ಕ. "ಬೈಯೋದು ಬಿಟ್ರೆ ಮಾತ್ರ ಹೆದರ್ಕೋತಾರೆ." ಆಮೇಲೆ ಅವನ ಮುಖ ನೋಡಿ ಸೌಟು ಕೆಳಗಿಟ್ಟಳು. "ಬೈಯೋದು ಬಿಟ್ಟುಬಿಟ್ಲಾ?"

*

ಮೀಟಿಂಗ್ ಮೇಲಿನ ಮಹಡಿಯಲ್ಲಿ. ಉದ್ದನೆಯ ಮೇಜು, ಸುತ್ತ ವಿಭಾಗಗಳ ಮುಖ್ಯಸ್ಥರು, ತುದಿಯಲ್ಲಿ ಡೈರೆಕ್ಟರ್. ಅವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಎದುರಿನ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತಿತ್ತು. ಮ್ಯಾನೇಜರ್ ಒಂದೊಂದು ಗ್ರೇಡನ್ನೂ ವಿವರಿಸುತ್ತಾರೆ, 'ಮುಂದಿನದು' ಅನ್ನುತ್ತಾರೆ, ಅವನು ಒತ್ತುತ್ತಾನೆ.

ಟೆಕ್ನಿಷಿಯನ್ ಗ್ರೇಡ್ ಬಂತು. ಯಾರೂ ಏನೂ ಕೇಳಲಿಲ್ಲ. ಡಯಾಲಿಸಿಸ್ ಇನ್‌ಚಾರ್ಜ್ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

"ಮುಂದಿನದು," ಅಂದರು ಮ್ಯಾನೇಜರ್.

ಅವನ ಬೆರಳು ಒತ್ತಲಿಲ್ಲ.

"ಮುಂದಿನದು."

"ಈ ಗ್ರೇಡ್ ತಪ್ಪಾಗಿದೆ," ಅಂದ. ಯಾರೋ ಬೇರೆಯವರು ಮಾತಾಡಿದ ಹಾಗೆ ಕೇಳಿಸಿತು.

ಡೈರೆಕ್ಟರ್ ತಲೆ ಎತ್ತಿದರು. "ಸಾಫ್ಟ್‌ವೇರ್ ತಪ್ಪಾ?"

"ಸಾಫ್ಟ್‌ವೇರ್ ಸರಿಯಿದೆ. ನೀವು ಕೊಟ್ಟ ಮಿತಿ ತಪ್ಪು. ಎಲ್ಲರಿಗೂ ಹೊರಗಿನ ಸಂಬಳ ನೋಡಿದ್ದೀರಿ. ಇವರಿಗೆ ಮಾತ್ರ ನೀವು ಕೊಡ್ತಿರೋದನ್ನೇ ನೋಡಿ, ಇಷ್ಟೇ ಸಾಕು ಅಂದಿದ್ದೀರಿ."

"ಗಾಳಿಯಲ್ಲಿ ಗುಂಡು ಹೊಡೀಬೇಡಿ. ಒಂದು ಉದಾಹರಣೆ ತೋರ್ಸಿ."

ಆಗ ಅವನ ಬೆರಳುಗಳು ಒಂದು ನೌಕರ ಸಂಖ್ಯೆಯನ್ನು ಒತ್ತಿದವು. ಯೋಚಿಸಿ ಒತ್ತಿದ್ದಲ್ಲ. ಮೊದಲ ದಿನದಿಂದ ಅದೊಂದನ್ನೇ ಒತ್ತಿ ಒತ್ತಿ ಬೆರಳಿಗೆ ಬಾಯಿಪಾಠವಾಗಿತ್ತು. ಗೋಡೆಯ ತುಂಬ ಅವಳ ಮುಖ ಬಂತು. ಮುಖದ ಕೆಳಗೆ ಅವಳ ಸಂಬಳ. ಸಂಬಳದ ಕೆಳಗೆ ಬರುವ ವರ್ಷ, ಅದರ ಮುಂದಿನ ವರ್ಷ, ಅದರಾಚೆಯ ವರ್ಷ, ಎಲ್ಲದರ ಎದುರೂ ಅದೇ ಸಂಖ್ಯೆ.

"ನೋಡಿ! ನಿಮ್ಮ ಪೇಷಂಟ್‌ಗಳ ರಕ್ತ ಇವರ ಕೈಯಲ್ಲಿ ಹಾದು ಹೋಗುತ್ತೆ. ಇವರನ್ನ ಇಲ್ಲಿಗೇ ಮೊಳೆ ಹೊಡೆದು ನಿಲ್ಸಿದ್ದೀರಿ. ಆ ಮೊಳೆ ನನ್ನ ಕೈಯಲ್ಲಿ ಹೊಡೆಸಿದ್ದೀರಿ. ನಾಚಿಕೆ ಆಗಲ್ವಾ? ನನಗೆ ಆಗುತ್ತೆ!"

ತಾನು ಎದ್ದು ನಿಂತಿದ್ದೇನೆ ಎಂಬುದು ಅವನಿಗೆ ಆಮೇಲೆ ತಿಳಿಯಿತು. ಡೈರೆಕ್ಟರ್ ಬಹಳ ಹೊತ್ತು ಗೋಡೆ ನೋಡಿದರು.

"ಟೆಕ್ನಿಷಿಯನ್‌ಗಳದ್ದೂ ಹೊರಗೆ ವಿಚಾರಿಸಿ ಮತ್ತೆ ಹಾಕಿ," ಅಂದರು ಮ್ಯಾನೇಜರಿಗೆ. ಆಮೇಲೆ ಅವನಿಗೆ, "ನೀವು ಆಚೆ ಹೋಗಿ."

ಸಂಜೆಗೆ ಮೊದಲೇ ಅವನ ಕಂಪನಿಯಿಂದ ಫೋನ್ ಬಂತು. ಉಳಿದ ಕೆಲಸ ಬೇರೆಯವರು ಮುಗಿಸುತ್ತಾರೆ, ಅವನು ನಾಳೆಯೇ ಬೇರೆ ಊರಿನ ಒಂದು ಗೋದಾಮಿಗೆ ಹೊರಡಬೇಕು. ಅವನು ಬೈಸಿಕೊಳ್ಳುತ್ತಲೇ ಬಾಗಿಲ ಕಡೆ ನೋಡುತ್ತಿದ್ದ. ಈಗ ಬರುತ್ತಾಳೆ. ಇನ್ನೇನು ಬಂದಳು.

ಬರಲಿಲ್ಲ. ಅವನೇ ಮೇಲೆ ಹೋದ. ಡಯಾಲಿಸಿಸ್ ಕೋಣೆಯ ಗಾಜಿನಾಚೆ ಅವಳು ಅವನನ್ನು ನೋಡಿ, ಪರದೆ ಎಳೆದಳು.

*

ಮರುದಿನ ಅವನು ವೈರುಗಳನ್ನು ಸುತ್ತಿ ಬ್ಯಾಗಿಗೆ ಹಾಕುತ್ತಿರುವಾಗ ಬಾಗಿಲು ಗೋಡೆಗೆ ಬಡಿಯಿತು.

"ಯಾರನ್ನ ಕೇಳಿ ಹಾಕ್ದೆ?"

ನೀವು ಹೋಗಿ ನೀನು ಆಗಿತ್ತು. ಅವನು ಸುತ್ತುತ್ತಿದ್ದ ವೈರ್ ಕೈಯಲ್ಲೇ ನಿಂತಿತು.

"ನನ್ನ ಸಂಬಳ ಗೋಡೆ ಮೇಲೆ ಹಾಕೋಕೆ ಯಾರನ್ನ ಕೇಳ್ದೆ? ನನ್ನ ಸ್ವಂತ ತಂಗಿಗೆ ಗೊತ್ತಿಲ್ಲ ನಾನೆಷ್ಟು ತಗೋತೀನಿ ಅಂತ. ಇವತ್ತು ಕ್ಯಾಂಟೀನೋಳು ನನ್ನ ತಟ್ಟೆಗೆ ಜಾಸ್ತಿ ಬಡಿಸ್ತಾಳೆ. 'ಇಷ್ಟೇನಾ ಕೊಡೋದು ನಿಂಗೆ, ಪಾಪ' ಅಂತಾಳೆ. ಇನ್‌ಚಾರ್ಜ್ ನನ್ನ ಬೆನ್ನು ಸವರಿದ್ರು. ಬೆನ್ನು! ಈ ಆಸ್ಪತ್ರೆಯಲ್ಲಿ ಎಲ್ಲರೂ ನನ್ನ ಕಂಡ್ರೆ ಹೆದರ್ತಿದ್ರು. ಎಷ್ಟು ಕಷ್ಟಪಟ್ಟು ಹೆದರ್ಸಿಟ್ಟಿದ್ದೆ. ಎಲ್ಲಾ ಹೋಗಿ ಈಗ 'ಪಾಪ' ಆಗಿಹೋದೆ."

"ಉದಾಹರಣೆ ಕೇಳಿದ್ರು," ಅಂದ ಅವನು. "ಬೆರಳಿಗೆ ನಿನ್ನ ನಂಬರ್ ಒಂದೇ ಗೊತ್ತಿದ್ದದ್ದು."

"ಅವತ್ತು ಪತ್ರ. ಈಗ ಗೋಡೆ. ನಾನು ಮನುಷ್ಯಳು ಅಂತ ಯಾವತ್ತು ಗೊತ್ತಾಗುತ್ತೆ ನಿನಗೆ?"

"ಕೇಳ್ಬೇಕಿತ್ತು. ತಪ್ಪು."

"ತಪ್ಪು ಅಂದ್ರೆ ಆಯ್ತಾ?"

"ಇನ್ನೇನು ಮಾಡ್ಲಿ?" ವೈರನ್ನು ನೆಲಕ್ಕೆ ಬಿಸಾಕಿದ. "ಮಾತಾಡು ಅಂದೆ, ಮಾತಾಡ್ದೆ. ಮಾತಾಡಿದ್ದೂ ತಪ್ಪು ಅಂತೀಯ. ನನಗೆ ಬರಲ್ಲ ಕಣೇ ಮಾತಾಡೋಕೆ! ಹುಟ್ಟಿದಾಗಿನಿಂದ ಬರಲ್ಲ. ಒಂದೇ ಸಲ ಬಾಯಿ ಬಿಟ್ಟೆ, ಬಂದ ಹಾಗೆ ಬಂತು. ನಿನಗೆ ನೋವಾಯ್ತು, ಒಪ್ತೀನಿ. ನಿನ್ನೆಯಿಂದ ಆ ಹಾಳು ಬಾಗಿಲು ನೋಡ್ತಾ ಕೂತಿದ್ದೀನಲ್ಲ, ಅದು ನಿನಗೆ ಗೊತ್ತಾ? ಪರದೆ ಎಳೀತಾಳಂತೆ ಪರದೆ!"

ಅವನ ಉಸಿರು ಏರಿತ್ತು. ಹಣೆಯ ಮೇಲಿನ ಒಂದು ನರ ಉಬ್ಬಿತ್ತು. ಅವಳು ಆ ನರವನ್ನೇ ನೋಡುತ್ತಿದ್ದಳು, ಸೂಜಿ ಹಾಕುವ ಮೊದಲು ನೋಡುವ ಹಾಗೆ, ಅಷ್ಟೊಂದು ಗಮನವಿಟ್ಟು.

"ಅಬ್ಬಾ," ಅಂದಳು ಮೆಲ್ಲಗೆ. "ಬರುತ್ತೆ ನಿನಗೆ."

ಖಾಲಿ ಕಪಾಟಿಗೆ ಒರಗಿ ನಿಂತಳು. ಕೋಪ ಇಳಿದಿರಲಿಲ್ಲ, ಕೂರಲು ಜಾಗ ಹುಡುಕುತ್ತಿತ್ತು ಅಷ್ಟೇ.

"ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು. ಆ ಗೆರೆಗೆ ತಾಗಿದೋಳು ನಾನಲ್ಲದೆ ಬೇರೆ ಯಾರೋ ಆಗಿದ್ರೂ, ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡೋ ಆ ಮುದುಕಪ್ಪ ಆಗಿದ್ರೂ, ನೀನು ಎದ್ದು ನಿಲ್ತಿದ್ಯಾ?"

ಅವನು ಬಾಯಿ ತೆರೆದ.

"ಯಾಕೆ ಕೇಳ್ತಿದ್ದೀನಿ ಅಂದ್ರೆ," ಅವಳು ಅವನ ಮುಖದಿಂದ ಕಣ್ಣು ತೆಗೆದು ನೆಲದ ವೈರ್ ನೋಡಿದಳು, "ನನ್ನೊಬ್ಬಳಿಗೋಸ್ಕರ ಮಾಡಿದ್ರೆ ಅದು ಉಪಕಾರ. ಜೀವನ ಪೂರ್ತಿ ನಿನ್ನ ಉಪಕಾರದ ಕೆಳಗೆ ಇರ್ಬೇಕಾಗುತ್ತೆ. ಬೈಯೋಕೆ ಹೋದಾಗೆಲ್ಲ ಅದು ನೆನಪಾಗುತ್ತೆ. ಉಪಕಾರ ಮಾಡಿದೋನ ಜೊತೆ ನನ್ನಂಥೋಳು ಹೆಂಗೆ ಬಾಳೋದು? ಆದರೆ ಅನ್ಯಾಯ ಅಂತ ಎದ್ದು ನಿಂತಿದ್ರೆ, ಯಾರಿಗಾದ್ರೂ ನಿಲ್ತಿದ್ದೆ ಅಂತಾದ್ರೆ... ಅಂಥೋನು ನನಗೆ ಬೇಕು. ಗೋಡೆ ಮೇಲೆ ಹಾಕಿದ್ದನ್ನ ಆಮೇಲೆ ನಿಧಾನಕ್ಕೆ ಬೈತೀನಿ. ವರ್ಷಗಟ್ಟಲೆ ಬೈತೀನಿ."

ಮೇಲೆ ಎಲ್ಲೋ ಸ್ಟ್ರೆಚರಿನ ಚಕ್ರಗಳು ಉರುಳಿ ಹೋದವು.

ಅವನು ಲ್ಯಾಬಿನ ಮುದುಕಪ್ಪನನ್ನು ನೆನೆದ. ಇಂಥ ಮಿತಿಗಳನ್ನು ಹಿಂದೆಯೂ ಎಷ್ಟೋ ಕಡೆ ಹೀಗೇ ತುಂಬಿದ್ದ, ಎಷ್ಟೋ ಆಫೀಸುಗಳಲ್ಲಿ 'ನಿಲ್ಲಿಸು' ಒತ್ತಿ ಮನೆಗೆ ಹೋಗಿ ಉಂಡು ಮಲಗಿದ್ದ. ಅವಳ ಕಣ್ಣುಗಳು ಮತ್ತೆ ಮೇಲೆದ್ದು ಅವನ ಮುಖದಲ್ಲಿ ಉತ್ತರ ಹುಡುಕುತ್ತಿದ್ದವು. ಆ ಕಣ್ಣುಗಳಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ಅವನ ನಾಲಗೆ ಹಳೆಯ ಅಭ್ಯಾಸದಂತೆ ಸುಮ್ಮನೆ ಮಲಗಿತು.

ಅವಳು ಕಾದಳು. ಆಮೇಲೆ ಅವಳ ಭುಜ ಇಳಿಯಿತು, ಮುಖ ಬಿಚ್ಚಿಕೊಂಡಿತು.

"ಹೌದು ಅನ್ನೋಕೂ ಬಾಯಿ ನೋಯುತ್ತೆ ಅಲ್ವಾ ನಿನಗೆ?" ಅಂದು ನಕ್ಕಳು. ಅವಳು ನಕ್ಕದ್ದನ್ನು ಅವನು ನೋಡಿದ್ದು ಅವತ್ತೇ ಮೊದಲು. ಬಗ್ಗಿ, ನೆಲದ ಮೇಲಿನ ವೈರ್ ಎತ್ತಿ ನೀಟಾಗಿ ಸುತ್ತಿ, ಬ್ಯಾಗಿಗೆ ಹಾಕಿ ಜಿಪ್ ಎಳೆದಳು. "ಭಾನುವಾರ ರಜ ನನಗೆ. ನೀನು ಹೋಗೋ ಊರಿಗೆ ಬಸ್ಸಲ್ಲಿ ಬರ್ತೀನಿ. ಸ್ಟ್ಯಾಂಡಲ್ಲಿ ನಿಂತಿರು. ಬರೋದು ಬೈಯೋಕೆ, ತಿಳ್ಕೋ."

ಬಂದಳು. ಮುಂದಿನ ಭಾನುವಾರವೂ ಬಂದಳು. ಟೆಕ್ನಿಷಿಯನ್‌ಗಳ ಹೊಸ ಮಿತಿ ಬಂದ ದಿನ ಫೋನಿನಲ್ಲಿ ಅತ್ತಳು, ಅಳಿಸಿದ್ದಕ್ಕೆ ಬೈದಳು. ಮದುವೆಯಲ್ಲಿ ಅವಳ ಅಮ್ಮ ಮೇಲಿನ ಮನೆಯವಳನ್ನು ಮೊದಲ ಸಾಲಿನಲ್ಲಿ ಕೂರಿಸಿದರು.

ಈಗಲೂ ಮನೆಗೆ ಯಾರಾದರೂ ಬಂದರೆ, ಅವನ ಮೌನದ ಬಗ್ಗೆ ಚಾಡಿ ಹೇಳಿ ಮುಗಿಸಿದ ಮೇಲೆ, ಅವಳು ದನಿ ತಗ್ಗಿಸಿ ಒಂದು ಮಾತು ಸೇರಿಸುತ್ತಾಳೆ. "ಇವರನ್ನ ಹಂಗೆ ಅಂದ್ಕೋಬೇಡಿ. ಯಾರಿಗೇ ಅನ್ಯಾಯ ಆದ್ರೂ ಎದ್ದು ನಿಲ್ಲೋ ಮನುಷ್ಯ." ಆ ಮಾತು ಹೇಳುವಾಗ ಅವಳ ಮುಖದಲ್ಲಿ ಕೋಪದ ಗುರುತೂ ಇರುವುದಿಲ್ಲ. ಅವನು ಎದ್ದು ಅಡುಗೆ ಮನೆಗೆ ಹೋಗಿ ನೀರು ಕುಡಿಯುತ್ತಾನೆ.

ಬೇರೆ ಯಾರಿಗಾಗಿಯೂ ತಾನು ಅವತ್ತು ಎದ್ದು ನಿಲ್ಲುತ್ತಿರಲಿಲ್ಲ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.